ಕಾಯುವ ಸೇವೆ



ಈ ಪತ್ರಿಕೆಯ ಪುಟಗಳಲ್ಲಿ ಬರೆಯುವವರು ಬಹುಮಟ್ಟಿಗೆ ವಿದ್ವಾಂಸರು, ಅನುಭವಿಗಳಾದ ಹಿರಿಯರು. ಅವರ ಸಾಲಿನಲ್ಲಿ ನಿಲ್ಲುವ ಯೋಗ್ಯತೆ ನನಗಿಲ್ಲವೆಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ನಾನು ರೈಲ್ವೆ ಅಂಚೆ ಸೇವೆಯಲ್ಲಿ 38 ವರ್ಷ ಕಾಗದಗಳನ್ನು ವಿಂಗಡಿಸಿ 2016ರಲ್ಲಿ ನಿವೃತ್ತನಾದ ಒಬ್ಬ ಸಾಮಾನ್ಯ ನೌಕರ. ನಿಮ್ಮಲ್ಲನೇಕರಂತೆ ನಾನೂ ಮಠದ ಪ್ರಸಾದ ನಿಲಯದಲ್ಲಿ ಉಂಡು, ಅದರ ಪಡಸಾಲೆಯಲ್ಲಿ ಮಲಗಿ, ನಾಲ್ಕಕ್ಷರ ಕಲಿತು ಬದುಕು ಕಟ್ಟಿಕೊಂಡವನು. ನಿವೃತ್ತಿಯ ಮರುವರ್ಷದಿಂದ ವಿಶೇಷ ಅಗತ್ಯವುಳ್ಳ ಮಕ್ಕಳ ಒಂದು ತರಗತಿಯಲ್ಲಿ ಸಹಾಯಕನಾಗಿ ದುಡಿಯುತ್ತಿದ್ದೇನೆ. ಆ ತರಗತಿಯಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಅದು ನನಗೆ ಕಲಿಸಿದ ಪಾಠವನ್ನೂ ನಿಮ್ಮ ಮುಂದಿಡಬೇಕೆಂದು ಲೇಖನಿ ಹಿಡಿದಿದ್ದೇನೆ. ಹಿಡಿದದ್ದು ಸಂಕೋಚದಿಂದ. ಏಕೆಂದರೆ ಅದು ದುಷ್ಟತನದಿಂದ ಮಾಡಿದ ತಪ್ಪಲ್ಲ, ಪ್ರೀತಿಯಿಂದ ಮಾಡಿದ ತಪ್ಪು. ಅಂಥ ತಪ್ಪನ್ನು ಒಪ್ಪಿಕೊಳ್ಳುವುದು ಮನುಷ್ಯನಿಗೆ ಹೆಚ್ಚು ಕಷ್ಟ.

ನಮ್ಮದು ಸಣ್ಣ ಪಟ್ಟಣ. ಅಲ್ಲಿಯ ಹಳೆಯ ಶಾಲೆಯೊಂದರ ಎರಡು ಕೋಣೆಗಳಲ್ಲಿ ಈ ತರಗತಿ ನಡೆಯುತ್ತದೆ. ನಾನು ಸೇರಿದಾಗ ಮಕ್ಕಳು 11 ಮಂದಿ. ವಿಶೇಷ ಶಿಕ್ಷಣದಲ್ಲಿ ತರಬೇತಿ ಪಡೆದ ಶಿಕ್ಷಕಿ ಒಬ್ಬರು. ಅವರ ಕೈಕೆಳಗೆ ನಾನೊಬ್ಬ. ವಯಸ್ಸಿನಲ್ಲಿ ಅವರು ನನ್ನ ಮಗಳಿಗಿಂತಲೂ ಚಿಕ್ಕವರು. ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ‘ಅಕ್ಕೋರೆ’ ಎನ್ನುತ್ತೇನೆ, ಅವರು ನನ್ನನ್ನು ‘ಕಾಕಾ’ ಎನ್ನುತ್ತಾರೆ. ಮಾತು ಬರುವ ಮಕ್ಕಳಿಗೆ ನಾನು ‘ಅಜ್ಜ’. ಮಾತು ಬಾರದ ಮಕ್ಕಳು ನನ್ನ ಅಂಗಿಯ ತೋಳು ಜಗ್ಗಿ ಕರೆಯುತ್ತಾರೆ.

ಈ ಮಕ್ಕಳೆಲ್ಲ ಒಂದೇ ಬಗೆಯವರೆಂದು ಹೊರಗಿನವರು ತಿಳಿಯುವುದುಂಟು. ನಾನೂ ಹಾಗೆಯೇ ತಿಳಿದಿದ್ದೆ. 1995ರ ಕಾನೂನು ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು; 2016ರ ವಿಕಲಚೇತನರ ಹಕ್ಕುಗಳ ಕಾನೂನು 21 ಬಗೆಗಳನ್ನು ಗುರುತಿಸಿದೆ. ಆದರೆ ತರಗತಿಯೊಳಗೆ ಹೆಜ್ಜೆಯಿಟ್ಟವನಿಗೆ ಕಾಣುವುದು 11 ಮಕ್ಕಳಲ್ಲಿ 11 ಬಗೆ. ಹುಟ್ಟುವಾಗ ಮೆದುಳಿಗೆ ಪ್ರಾಣವಾಯು ಸಾಲದೆ ಕೈಕಾಲುಗಳು ಬಿಗಿದುಕೊಂಡ ಮಗುವಿನ ಬುದ್ಧಿ ಚುರುಕಾಗಿಯೇ ಇರಬಹುದು. ಮಾತಿಗೆ ತುಟಿ-ನಾಲಗೆಗಳು ಒದಗದ ಕಾರಣ ನೋಡಿದವರು ಅದನ್ನು ದಡ್ಡನೆಂದು ತೀರ್ಮಾನಿಸುತ್ತಾರೆ. ಡೌನ್ ಸಿಂಡ್ರೋಮ್ ಇರುವ ಹುಡುಗಿ ಎಲ್ಲರನ್ನೂ ತಬ್ಬಿಕೊಂಡು ಮಾತನಾಡಿಸುತ್ತಾಳೆ, ಆದರೆ ಎರಡಂಕಿಯ ಲೆಕ್ಕಕ್ಕೆ ವರ್ಷ ಬೇಕಾಗುತ್ತದೆ. ಆಟಿಸಂ ಇರುವ ಹುಡುಗ ಕಣ್ಣಿಗೆ ಕಣ್ಣು ಕೊಡುವುದಿಲ್ಲ, ಗಂಟೆಯ ಸದ್ದಿಗೆ ಕಿವಿ ಮುಚ್ಚಿ ಕಿರುಚುತ್ತಾನೆ. ಆದರೆ ನಿನ್ನೆ ಕಪಾಟಿನಲ್ಲಿ ಯಾವ ಡಬ್ಬಿ ಎಲ್ಲಿತ್ತೆಂಬುದು ಅವನಿಗೆ ಅಂಗೈಯಲ್ಲಿರುತ್ತದೆ.

ಅಂಚೆಯವನಾದ ನನಗೆ ಒಂದು ಸಂಗತಿ ನೆನಪಿಗೆ ಬರುತ್ತಿತ್ತು. ರಾತ್ರಿಯ ಗಾಡಿಯಲ್ಲಿ ಚೀಲ ಬಿಚ್ಚಿ ಕಾಗದಗಳನ್ನು ಗೂಡುಗಳಿಗೆ ಹಾಕುವಾಗ ಕೆಲವು ಕಾಗದಗಳ ವಿಳಾಸ ಓದಲಾಗುತ್ತಿರಲಿಲ್ಲ. ಅವಸರವಿದ್ದವರು ಅವನ್ನು ಬದಿಗೆ ಎಸೆಯುತ್ತಿದ್ದರು. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಮಾತ್ರ ಕಾಗದವನ್ನು ದೀಪದ ಬಳಿಗೆ ಒಯ್ದು, ತಿರುಗಿಸಿ, ಮೋಡಿ ಅಕ್ಷರವನ್ನು ಬಿಡಿಸಿ ಓದಿ ಸರಿಯಾದ ಗೂಡಿಗೆ ಹಾಕುತ್ತಿದ್ದರು. ವಿಳಾಸವಿಲ್ಲದ ಕಾಗದಗಳು ಕಡಿಮೆ, ನಾವು ಓದಲಾರದ ಕಾಗದಗಳೇ ಹೆಚ್ಚು ಎಂಬುದು ಅವರಿಂದ ನಾನು ತಿಳಿದದ್ದು. ಈ ಮಕ್ಕಳ ವಿಷಯವೂ ಅದೇ ಎಂದು ಈಗ ನಂಬಿದ್ದೇನೆ.

ಸಹಾಯಕನ ಕೆಲಸವೇನೆಂದು ನೀವು ಕೇಳಬಹುದು. ಪಾಠ ಹೇಳುವುದು ಶಿಕ್ಷಕಿಯ ಕೆಲಸ. ಪಾಠ ನಡೆಯುವಂತೆ ನೋಡಿಕೊಳ್ಳುವುದು ನನ್ನದು. ಬೆಳಿಗ್ಗೆ ಆಟೋದಿಂದ ಮಕ್ಕಳನ್ನು ಇಳಿಸಿಕೊಳ್ಳುವುದು, ಗಾಲಿಕುರ್ಚಿಯಲ್ಲಿ ಕೂಡಿಸುವುದು, ಪಾದಗಳು ನೇತಾಡದಂತೆ ಕೆಳಗೆ ಹಲಗೆ ಇಡುವುದು, ಬೆನ್ನು ಬಾಗದಂತೆ ದಿಂಬು ಕೊಡುವುದು, ಗಂಡುಹುಡುಗರನ್ನು ಶೌಚಕ್ಕೆ ಕರೆದೊಯ್ಯುವುದು, ತೊಳೆಯುವುದು, ಬಟ್ಟೆ ಬದಲಿಸುವುದು, ಉಣ್ಣಿಸುವುದು. ಮೊದಲ ವಾರ ಶೌಚದ ಕೆಲಸಕ್ಕೆ ನನ್ನ ಮನಸ್ಸು ಹಿಂಜರಿಯಿತೆಂಬುದನ್ನು ಮುಚ್ಚಿಡಲಾರೆ. ಎರಡನೆಯ ವಾರಕ್ಕೆ ಅದು ಕೈ ತೊಳೆದಷ್ಟೇ ಸಹಜವಾಯಿತು. ಆದರೆ ಅಲ್ಲಿಯೂ ಕಲಿಯಬೇಕಾದದ್ದಿತ್ತು. ಬಾಗಿಲು ಮುಂದೆ ಮಾಡಬೇಕು, ಏನು ಮಾಡುತ್ತಿದ್ದೇನೆಂದು ಮಗುವಿಗೆ ಮೊದಲು ಹೇಳಿ ಅನಂತರ ಮುಟ್ಟಬೇಕು, ಬೇರೆ ಮಕ್ಕಳ ಮುಂದೆ ಅದರ ಮಾತೆತ್ತಬಾರದು. ಮಗುವಿಗೂ ಮಾನವಿದೆ. ಅದನ್ನು ಎತ್ತಿ ಒಯ್ಯುವವನು ಅದರ ಮಾನವನ್ನೂ ಜೊತೆಗೇ ಎತ್ತಿಕೊಂಡಿರುತ್ತಾನೆ.

ಉಣ್ಣಿಸುವುದಕ್ಕೂ ವಿದ್ಯೆ ಬೇಕೆಂದು ನನಗೆ ಗೊತ್ತಿರಲಿಲ್ಲ. ಬಿಗಿದ ಕುತ್ತಿಗೆಯ ಮಗುವಿನ ತಲೆಯನ್ನು ಹಿಂದಕ್ಕೆ ವಾಲಿಸಿ ಬಾಯಿಗೆ ಸುರಿದರೆ ಅನ್ನ-ನೀರು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಮಗುವನ್ನು ನೆಟ್ಟಗೆ ಕೂಡಿಸಬೇಕು, ಗದ್ದ ತುಸು ಕೆಳಗಿರಬೇಕು, ನಾವು ಮೇಲೆ ನಿಲ್ಲದೆ ಎದುರಿಗೆ ಅದರ ಕಣ್ಣಿನ ಮಟ್ಟಕ್ಕೆ ಕೂಡಬೇಕು, ಸಣ್ಣ ತುತ್ತು ಕೊಟ್ಟು ನುಂಗುವವರೆಗೆ ತಡೆಯಬೇಕು. ತೆಳ್ಳಗಿನ ಸಾರಿಗಿಂತ ಗಟ್ಟಿಯಾಗಿ ಕಲಸಿದ ಅನ್ನ ಅಂಥ ಮಕ್ಕಳಿಗೆ ಸುಲಭ. ಇನ್ನೊಂದು ಹುಡುಗಿಗೆ ಮೂರ್ಛೆ ಬರುತ್ತಿತ್ತು. ಕೈಗೆ ಕಬ್ಬಿಣ ಕೊಡುವುದು, ಉಳ್ಳಾಗಡ್ಡಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ನಾವೆಲ್ಲ ಕಂಡುಂಡ ಪದ್ಧತಿಗಳು. ಇವೊಂದೂ ಸಲ್ಲವು. ಮಗುವನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಮೆತ್ತನೆಯದೇನಾದರೂ ಇಟ್ಟು, ಬಾಯಿಗೆ ಏನನ್ನೂ ಹಾಕದೆ, ಗಡಿಯಾರ ನೋಡಬೇಕು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು. ಇದನ್ನು ಇಲ್ಲಿ ಬರೆದದ್ದು ಓದುಗರ ಮನೆಗಳಲ್ಲಿ ಯಾರಿಗಾದರೂ ಉಪಯೋಗವಾದೀತೆಂಬ ಆಸೆಯಿಂದ.

ಇನ್ನು ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಆ 11 ಮಕ್ಕಳಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬನಿದ್ದ. ವೈದ್ಯರು ಸೆರೆಬ್ರಲ್ ಪಾಲ್ಸಿ ಎನ್ನುವ ಸ್ಥಿತಿ ಅವನದು. ಕಾಲುಗಳು ಕತ್ತರಿಯಂತೆ ಹೆಣೆದುಕೊಂಡಿದ್ದವು. ಎಡಗೈ ಎದೆಗೆ ಬಿಗಿದಿತ್ತು. ಬಲಗೈ ಮಾತ್ರ ಅಷ್ಟಿಷ್ಟು ಅವನ ಮಾತು ಕೇಳುತ್ತಿತ್ತು. ಆದರೆ ಕಣ್ಣುಗಳೋ! ಕೋಣೆಯಲ್ಲಿ ನಡೆದುದೊಂದೂ ಆ ಕಣ್ಣುಗಳಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಯಾರಾದರೂ ಕಾಲು ಜಾರಿದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವನು ಅವನೇ. ನನಗೆ ಅವನ ಮೇಲೆ ಹೇಳಲಾರದಷ್ಟು ಮಮತೆ ಬೆಳೆಯಿತು. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಮಧ್ಯಾಹ್ನದ ಊಟಕ್ಕೆ ನಾನು ಅವನ ಬಳಿಯಲ್ಲೇ ಕೂಡುತ್ತಿದ್ದೆ. ಹತ್ತು ನಿಮಿಷದಲ್ಲಿ ಅವನ ಊಟ ಮುಗಿಯುತ್ತಿತ್ತು, ಅಂಗಿಯ ಮೇಲೆ ಒಂದು ಅಗುಳೂ ಬೀಳುತ್ತಿರಲಿಲ್ಲ. ಅಕ್ಷರ ತಿದ್ದಿಸುವಾಗ ಅವನ ಮುಷ್ಟಿಯನ್ನು ನನ್ನ ಮುಷ್ಟಿಯೊಳಗಿಟ್ಟು ಬರೆಸುತ್ತಿದ್ದೆ. ಅಕ್ಷರಗಳು ದುಂಡಗೆ ಬರುತ್ತಿದ್ದವು. ಯಾರಾದರೂ ಅವನ ಹೆಸರು ಕೇಳಿದರೆ ಅವನ ತುಟಿಗಳು ಸಿದ್ಧವಾಗುವುದರೊಳಗೆ ನಾನೇ ಹೇಳಿಬಿಡುತ್ತಿದ್ದೆ. ಶಾಲೆ ನೋಡಲು ಬಂದವರು ನನ್ನನ್ನು ಹೊಗಳುತ್ತಿದ್ದರು. ‘ಹಡೆದವರೂ ಇಷ್ಟು ಮಾಡುವುದಿಲ್ಲ’ ಎಂದು ಒಬ್ಬರು ಅಂದದ್ದು ಬಹಳ ದಿನ ನನ್ನ ಕಿವಿಯಲ್ಲಿ ಇಂಪಾಗಿ ಉಳಿದಿತ್ತು.

ಶಿಕ್ಷಕಿ ಮಾತ್ರ ಎರಡು ಮೂರು ಸಲ ಮೆಲ್ಲಗೆ, ‘ಕಾಕಾ, ಸ್ವಲ್ಪ ತಡೀರಿ, ಅಂವಾ ಏನ್ ಮಾಡ್ತಾನ ನೋಡೋಣ’ ಎಂದರು. ನಾನು ತಲೆಯಾಡಿಸಿ ನನ್ನ ದಾರಿಯಲ್ಲಿಯೇ ನಡೆದೆ. ಒಂದು ದಿನ ಸ್ವಲ್ಪ ಬಿರುಸಾಗಿಯೇ ಅಂದರು: ‘ಕಾಕಾ, ನೀವು ಉಣಸ್ತೀರಿ, ಖರೆ. ಆದ್ರ ಅಂವಾ ಉಣ್ಣೂದು ಯಾವಾಗ?’ ಮಗಳ ವಯಸ್ಸಿನವರಿಂದ ಈ ಮಾತು ಕೇಳಿ ನನಗೆ ಸಿಟ್ಟು ಬಂದಿತು. ಹಸಿದ ಮಗುವನ್ನು ಎದುರಿಗೆ ಕೂಡಿಸಿಕೊಂಡು ಪರೀಕ್ಷೆ ಮಾಡುವುದು ಯಾವ ಸೀಮೆಯ ಶಿಕ್ಷಣವೆಂದು ಮನಸ್ಸಿನಲ್ಲಿಯೇ ಅಂದುಕೊಂಡೆ.

2018ರಲ್ಲಿ ನನ್ನ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಒಂದು ತಿಂಗಳು ಶಾಲೆಗೆ ಹೋಗಲಾಗಲಿಲ್ಲ. ಮನೆಯಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತವನಿಗೆ ಆ ಹುಡುಗನದೇ ಚಿಂತೆ. ಮೊದಲ ಎರಡು ದಿನ ಅವನು ಊಟವನ್ನೇ ಮಾಡಲಿಲ್ಲವೆಂಬ ಸುದ್ದಿ ಬಂದಾಗ ಸಂಕಟದ ಜೊತೆಗೆ, ನಿಜ ಹೇಳಬೇಕೆಂದರೆ, ಒಂದು ಬಗೆಯ ಹೆಮ್ಮೆಯೂ ಆಯಿತು. ನಾನಿಲ್ಲದೆ ಅವನಿಗೆ ಊಟ ಸೇರದು ಎಂಬ ಹೆಮ್ಮೆ. ಇದನ್ನು ಬರೆಯುವಾಗ ಈಗ ನಾಚಿಕೆಯಾಗುತ್ತದೆ.

ತಿಂಗಳ ಮೇಲೆ ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಶಾಲೆಗೆ ಹೋದೆ. ಬಾಗಿಲಲ್ಲಿ ನಿಂತವನು ಅಲ್ಲಿಯೇ ನಿಂತುಬಿಟ್ಟೆ. ಹುಡುಗ ತಾನೇ ಉಣ್ಣುತ್ತಿದ್ದ! ಚಮಚದ ಹಿಡಿಕೆಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ದಪ್ಪ ಮಾಡಿದ್ದರು, ಅದರ ಕೊರಳನ್ನು ಅವನ ಬಾಯಿಯ ಕಡೆಗೆ ಬಗ್ಗಿಸಿದ್ದರು. ಅಂಚು ಎತ್ತರವಾದ ಬಟ್ಟಲನ್ನು ಒದ್ದೆ ಬಟ್ಟೆಯ ಮೇಲಿಟ್ಟಿದ್ದರು, ಅದು ಜಾರುತ್ತಿರಲಿಲ್ಲ. ಕೈ ನಡುಗುತ್ತಿತ್ತು. ಅರ್ಧ ಅನ್ನ ಎದೆಯ ಮೇಲೆ, ಕಾಲು ಭಾಗ ನೆಲದ ಮೇಲೆ, ಉಳಿದದ್ದು ಬಾಯಿಗೆ. ಆದರೆ ಮುಖದಲ್ಲಿ ಕೆಲಸಕ್ಕೆ ಕುಳಿತ ದೊಡ್ಡ ಮನುಷ್ಯನ ಗಾಂಭೀರ್ಯವಿತ್ತು.

ಅಷ್ಟರಲ್ಲಿ ಅವನು ನನ್ನನ್ನು ಕಂಡ. ಮುಖವೆಲ್ಲ ಅರಳಿತು. ಕಂಡೊಡನೆ ಚಮಚವನ್ನು ಬಟ್ಟಲಲ್ಲಿ ಬಿಟ್ಟ, ಕೈಯನ್ನು ತೊಡೆಯ ಮೇಲಿಟ್ಟುಕೊಂಡ, ನನ್ನ ಕಡೆಗೆ ಮುಖವೆತ್ತಿ ಬಾಯಿ ತೆರೆದ.

ಬಂಧುಗಳೆ, ಆ ತೆರೆದ ಬಾಯಿಯನ್ನು ನಾನು ಇಂದಿಗೂ ಮರೆತಿಲ್ಲ. ಒಂದು ವರ್ಷ ನಾನು ಅವನಿಗೆ ಕಲಿಸಿದ್ದೇನು ಎಂಬುದು ನನ್ನೆದುರಿಗೆ ಕುಳಿತಿತ್ತು. ನಾನು ಕಲಿಸಿದ್ದು ಬಾಯಿ ತೆರೆಯುವುದನ್ನು. ಒಂದು ತಿಂಗಳಲ್ಲಿ ಅವನು ಗಳಿಸಿಕೊಂಡ ಕೈಯನ್ನು ನನ್ನ ದರ್ಶನಮಾತ್ರದಿಂದ ಕಳೆದುಕೊಂಡಿದ್ದ. ನಾನು ಅವನ ಬಳಿ ಹೋಗಲಿಲ್ಲ. ಹೊರಗೆ ಬಂದು ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತು, ಆಪರೇಷನ್ ಆದ ಕಣ್ಣಿಗೆ ನೀರು ತಾಕಬಾರದೆಂದು ವೈದ್ಯರು ಹೇಳಿದ್ದರೂ, ಅತ್ತೆ.

ಅತ್ತದ್ದು ಅವನಿಗಾಗಿ ಮಾತ್ರವಲ್ಲ. ನನಗೆ ಒಬ್ಬ ತಮ್ಮನಿದ್ದ. 1959ರಲ್ಲಿ ಹುಟ್ಟಿದವನು. ಅವನೂ ಹೀಗೆಯೇ. ಆಗ ನಮ್ಮ ಹಳ್ಳಿಯಲ್ಲಿ ಈ ಸ್ಥಿತಿಗೆ ಹೆಸರೇ ಇರಲಿಲ್ಲ. ಹಿಂದಿನ ಜನ್ಮದ ಕರ್ಮವೆಂದು ಕೆಲವರು, ಗ್ರಹಣದಲ್ಲಿ ತಾಯಿ ಹೊರಗೆ ಬಂದದ್ದೇ ಕಾರಣವೆಂದು ಕೆಲವರು ಅಂದರು. ಎಲ್ಲ ಮಾತೂ ಕೊನೆಗೆ ನಮ್ಮ ಅವ್ವನ ತಲೆಯ ಮೇಲೆಯೇ ಬೀಳುತ್ತಿತ್ತು. ದಿನ ತುಂಬುವ ಮೊದಲೇ ಹುಟ್ಟುವುದು, ಹೆರಿಗೆಯಲ್ಲಿ ಉಸಿರು ಕಟ್ಟುವುದು, ಹುಟ್ಟಿದ ಮೊದಲ ದಿನಗಳ ಕಾಮಾಲೆ ವಿಪರೀತಕ್ಕೆ ಹೋಗಿ ಮೆದುಳಿಗೆ ತಾಗುವುದು, ಇವೆಲ್ಲ ಇದಕ್ಕೆ ಕಾರಣಗಳೆಂದು ಇಂದು ವೈದ್ಯರು ಹೇಳುತ್ತಾರೆ. ಡೌನ್ ಸಿಂಡ್ರೋಮಿಗೆ 21ನೆಯ ವರ್ಣತಂತು ಎರಡರ ಬದಲು ಮೂರಿರುವುದು ಕಾರಣವೆಂದು ವಿಜ್ಞಾನಿಗಳು ಕಂಡುಕೊಂಡದ್ದು ನನ್ನ ತಮ್ಮ ಹುಟ್ಟಿದ ಆ 1959ನೆಯ ಇಸವಿಯಲ್ಲಿಯೇ. ಇವುಗಳಲ್ಲಿ ಯಾವುದೂ ತಾಯಿಯ ಪಾಪವಲ್ಲ. ಈ ಒಂದು ಮಾತನ್ನು ನಮ್ಮ ಅವ್ವನಿಗೆ ಆಗ ಯಾರಾದರೂ ಹೇಳಿದ್ದರೆ ಅವಳ ಅರ್ಧ ಭಾರ ಇಳಿಯುತ್ತಿತ್ತು.

ನಾನು 12ನೆಯ ವಯಸ್ಸಿಗೆ ಪ್ರಸಾದ ನಿಲಯಕ್ಕೆ ಬಂದೆ. ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಶಾಲೆಯ ಬಾಗಿಲು ತೆರೆಯಿತು. ಇನ್ನೊಬ್ಬನಿಗೆ ಹಿತ್ತಲ ಕೋಣೆಯ ಬಾಗಿಲು ಮುಚ್ಚಿತು. ರಜೆಗೆ ಊರಿಗೆ ಹೋದಾಗ ನೋಡುತ್ತಿದ್ದೆ: ಅವ್ವ ಅವನಿಗೆ ತುತ್ತು ಮಾಡಿ ಉಣಿಸುತ್ತಿದ್ದಳು, ಮೈ ತೊಳೆಯುತ್ತಿದ್ದಳು, ಅವನ ಪರವಾಗಿ ತಾನೇ ಮಾತನಾಡುತ್ತಿದ್ದಳು. 24 ವರ್ಷ ಅವಳು ಒಂದು ಹಬ್ಬಕ್ಕೂ ಊರು ಬಿಟ್ಟು ಹೋಗಲಿಲ್ಲ. 1983ರಲ್ಲಿ ಅವಳು ತೀರಿಕೊಂಡಳು. ತಮ್ಮ ಬೇರೆ ಯಾರ ಕೈಯಿಂದಲೂ ತುತ್ತು ತೆಗೆದುಕೊಳ್ಳಲಿಲ್ಲ. ತನ್ನ ಕೈಯಿಂದ ಉಣ್ಣುವುದು ಅವನಿಗೆ ಗೊತ್ತೇ ಇರಲಿಲ್ಲ. ನಾನು ರಜೆ ಹಾಕಿ ಬಂದು ಉಣಿಸಲು ನೋಡಿದೆ. ಅವನು ನನ್ನ ಕೈಯ ಆಚೆ, ಬಾಗಿಲ ಕಡೆಗೆ ನೋಡುತ್ತಿದ್ದ. ವರ್ಷ ತುಂಬುವುದರೊಳಗೆ ಅವನೂ ಹೋದ.

ಅವನ ಬಲಗೈ ಕೂಡ ಅಷ್ಟಿಷ್ಟು ಆಡುತ್ತಿತ್ತು. ಈ ಸಂಗತಿ ನನಗೆ ನೆನಪಾದದ್ದು 35 ವರ್ಷಗಳ ತರುವಾಯ, ಆ ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತಾಗ.

ನಮ್ಮ ಅವ್ವನನ್ನು ನಾನು ದೂರುತ್ತಿದ್ದೇನೆಂದು ದಯವಿಟ್ಟು ಭಾವಿಸಬೇಡಿ. ಅವಳಿಗೆ ಹೇಳುವವರಿರಲಿಲ್ಲ, ತೋರಿಸುವವರಿರಲಿಲ್ಲ. ಅವಳಿಗೆ ಗೊತ್ತಿದ್ದ ಒಂದೇ ಔಷಧ ತನ್ನ ದೇಹವನ್ನು ಸವೆಸುವುದು. ಅದನ್ನು ಅವಳು ಕೊನೆಯುಸಿರಿನವರೆಗೆ ಮಾಡಿದಳು. ಆದರೆ ನನಗೆ ಹೇಳುವವರಿದ್ದರು. ನಾನು ಕೇಳಲಿಲ್ಲ.

ಮರುದಿನ ಶಿಕ್ಷಕಿಯ ಮುಂದೆ ಕುಳಿತು, ‘ಅಕ್ಕೋರೆ, ನನಗೂ ಕಲಿಸ್ರಿ’ ಎಂದೆ. ಅವರು ಕಲಿಸಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಯಾವ ಕೆಲಸವನ್ನಾದರೂ ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆಯಬೇಕು. ಕೈ ತೊಳೆಯುವುದು ನಮಗೆ ಒಂದು ಕೆಲಸ. ಮಗುವಿಗೆ ಅದು ಎಂಟು ಹತ್ತು ಕೆಲಸ. ನಳದ ಬಳಿ ಹೋಗುವುದು, ತಿರುವುವುದು, ಕೈ ಒಡ್ಡುವುದು, ಸಬಕಾರ ಹಿಡಿಯುವುದು, ಉಜ್ಜುವುದು, ತೊಳೆಯುವುದು, ನಳ ನಿಲ್ಲಿಸುವುದು, ಒರೆಸಿಕೊಳ್ಳುವುದು. ಇವುಗಳಲ್ಲಿ ಮಗುವಿಗೆ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂದು ನೋಡಿ, ಬಾರದ ಒಂದಕ್ಕೆ ಮಾತ್ರ ನೆರವಾಗಬೇಕು. ಅನೇಕ ಸಲ ಕೊನೆಯ ಮೆಟ್ಟಿಲಿನಿಂದ ಕಲಿಸುತ್ತ ಹಿಂದಕ್ಕೆ ಬರುವುದು ಲೇಸು. ಮೊದಲಿನದೆಲ್ಲವನ್ನೂ ನಾವು ಮಾಡಿ, ಒರೆಸಿಕೊಳ್ಳುವುದೊಂದನ್ನು ಮಗುವಿಗೆ ಬಿಟ್ಟರೆ ಕೆಲಸ ಮುಗಿಸಿದ ಸಂತೋಷ ಅದರದಾಗುತ್ತದೆ.

ನೆರವಿಗೂ ಮೆಟ್ಟಿಲುಗಳಿವೆ. ಕೈಯ ಮೇಲೆ ಕೈಯಿಟ್ಟು ಮಾಡಿಸುವುದು ಅತ್ಯಂತ ಹೆಚ್ಚಿನ ನೆರವು. ಅದಕ್ಕಿಂತ ಕಡಿಮೆಯದು ಮೊಣಕೈಯನ್ನು ತುಸು ಮುಟ್ಟುವುದು. ಅದಕ್ಕಿಂತ ಕಡಿಮೆಯದು ಮಾಡಿ ತೋರಿಸುವುದು, ಆಮೇಲೆ ಬೆರಳಿನಿಂದ ಸೂಚಿಸುವುದು, ಆಮೇಲೆ ಬಾಯಿಯಿಂದ ಹೇಳುವುದು. ಎಲ್ಲಕ್ಕೂ ಕಡಿಮೆಯದು ಸುಮ್ಮನೆ ಇರುವುದು. ಸಹಾಯಕನು ದಿನದಿಂದ ದಿನಕ್ಕೆ ಈ ಮೆಟ್ಟಿಲುಗಳನ್ನು ಇಳಿಯುತ್ತ ಬರಬೇಕು. ಮಗು ಏರಬೇಕಾದರೆ ನಾವು ಇಳಿಯಬೇಕು.

ಇವೆಲ್ಲಕ್ಕಿಂತ ನನಗೆ ಕಷ್ಟವಾದದ್ದು ಕೊನೆಯದು, ಸುಮ್ಮನಿರುವುದು. ಮಗುವಿಗೆ ಒಂದು ಮಾತು ಹೇಳಿದರೆ ಅದು ಕಿವಿಯಿಂದ ಕೈಗೆ ಮುಟ್ಟಲು ನಮಗಿಂತ ಹೆಚ್ಚು ಹೊತ್ತು ಹಿಡಿಯಬಹುದು. ಆ ಹೊತ್ತಿನಲ್ಲಿ ನಾವು ಮತ್ತೊಮ್ಮೆ ಹೇಳಿದರೆ ಮೊದಲಿನ ಮಾತು ಕದಡಿಹೋಗುತ್ತದೆ. ಮನಸ್ಸಿನಲ್ಲಿ ಎಣಿಸುತ್ತ ತಡೆಯಿರಿ ಎಂದರು ಶಿಕ್ಷಕಿ. ನನಗೆ ಅಂಕಿಗಳನ್ನು ಎಣಿಸಿದರೆ ಅವಸರ ಹೆಚ್ಚುತ್ತಿತ್ತು. ಆದುದರಿಂದ ನನ್ನ ಹಳೆಯ ವೃತ್ತಿಯಲ್ಲಿ ಬಾಯಿಪಾಠವಾಗಿದ್ದ ನಿಲ್ದಾಣಗಳನ್ನು ಎಣಿಸತೊಡಗಿದೆ. ಹುಬ್ಬಳ್ಳಿಯ ಮುಂದೆ ಹೆಬಸೂರು, ಅಣ್ಣಿಗೇರಿ, ಹುಲಕೋಟಿ, ಬಿಂಕದಕಟ್ಟಿ, ಗದಗ. ಗಾಡಿ ಗದಗು ಮುಟ್ಟುವವರೆಗೆ ನಾನು ಕೈ ಚಾಚುವಂತಿಲ್ಲ. ಅನೇಕ ಸಲ ಗಾಡಿ ಹುಲಕೋಟಿಗೆ ಬರುವಷ್ಟರಲ್ಲಿ ಹುಡುಗನ ಚಮಚ ಬಾಯಿಗೆ ಮುಟ್ಟಿರುತ್ತಿತ್ತು.

ಗದಗು ಎಂದಾಗ ನಿಮ್ಮ ಮನಸ್ಸಿಗೆ ಬರುವುದು ಅಲ್ಲಿಯ ವೀರೇಶ್ವರ ಪುಣ್ಯಾಶ್ರಮ. ಆಶ್ರಮಕ್ಕೆ ಬರುವ ಕಾಗದಗಳನ್ನು ಅದೆಷ್ಟು ಸಲ ನಾನೇ ಗೂಡಿಗೆ ಹಾಕಿದ್ದೆನೋ! ಪಂಚಾಕ್ಷರ ಗವಾಯಿಗಳು (1892-1944) ದೃಷ್ಟಿಹೀನರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914-2010) ಕೂಡ ದೃಷ್ಟಿಹೀನರು. ಗುರುಗಳು ಶಿಷ್ಯನಿಗೆ ಅನ್ನ-ಆಶ್ರಯ ಕೊಟ್ಟರು, ಅಷ್ಟಕ್ಕೇ ನಿಲ್ಲಲಿಲ್ಲ. ಅವನ ಬೆರಳುಗಳಿಗೆ ವಾದ್ಯವನ್ನು ಕೊಟ್ಟರು, ಕಂಠಕ್ಕೆ ಸ್ವರವನ್ನು ಕೊಟ್ಟರು. ಶಿಷ್ಯರು ಮುಂದೆ ಸಾವಿರಾರು ಮಕ್ಕಳಿಗೆ ಗುರುಗಳಾದರು. ಕುರುಡು ಹುಡುಗನೆಂದು ಕನಿಕರಪಟ್ಟು ಕೊನೆಯವರೆಗೆ ಕೈಹಿಡಿದು ನಡೆಸಿದ್ದರೆ ನಾಡಿಗೆ ಒಬ್ಬ ಗವಾಯಿ ದೊರೆಯುತ್ತಿರಲಿಲ್ಲ. ಈ ಕಥೆಯನ್ನು ನಾನು ಬಾಲ್ಯದಿಂದ ಕೇಳಿದವನು. ಆದರೂ ಅದರ ಅರ್ಥ ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ.

ಹುಡುಗನ ಊಟ ಹತ್ತು ನಿಮಿಷದಿಂದ ನಲವತ್ತು ನಿಮಿಷಕ್ಕೆ ಏರಿತು. ಅಂಗಿ ಕೊಳೆಯಾಗತೊಡಗಿತು. ಅವನ ತಾಯಿಗೆ ಮೊದಲು ಇದು ಹಿಡಿಸಲಿಲ್ಲ. ‘ಅಜ್ಜಾರ, ನನ್ನ ಮಗನ ಮ್ಯಾಲೆ ನಿಮಗ ಬ್ಯಾಸರಾತೇನ್ರಿ?’ ಎಂದು ಕೇಳಿದಳು. ಆಕೆಗೆ ಉತ್ತರವಾಗಿ ನಾನು ಉಪದೇಶ ಮಾಡಲಿಲ್ಲ. ನಮ್ಮ ಅವ್ವನ ಕಥೆಯನ್ನು ಹೇಳಿದೆ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಇಂಥ ಮಕ್ಕಳ ಪ್ರತಿಯೊಬ್ಬ ತಾಯಿಯ ಎದೆಯಲ್ಲಿಯೂ ಒಂದೇ ಪ್ರಶ್ನೆ: ‘ನನ್ನ ನಂತರ ಇವನಿಗೆ ಯಾರು?’ ಕಾನೂನಿನಲ್ಲಿ ಇದಕ್ಕೆ ಒಂದು ಉತ್ತರವಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಕಲತೆ ಇರುವವರಿಗೆ 18 ವರ್ಷ ತುಂಬಿದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಆ ಪ್ರಶ್ನೆಗೆ ಇನ್ನೊಂದು ಉತ್ತರವೂ ಇದೆ. ಅದು ಆ ಮಗುವೇ. ಅದರ ಕೈಯಲ್ಲಿ ಎಷ್ಟು ಬಲವಿದೆಯೋ ಅಷ್ಟನ್ನು ತಾಯಿ ಇರುವಾಗಲೇ ಅದಕ್ಕೆ ಒಪ್ಪಿಸಬೇಕು.

2020ರ ಮಾರ್ಚಿನಲ್ಲಿ ಕೋವಿಡ್ ಬಂದು ಶಾಲೆಗಳೆಲ್ಲ ಮುಚ್ಚಿದವು. ಮಕ್ಕಳು ಕಲಿತದ್ದನ್ನೆಲ್ಲ ಮರೆತಾರೆಂಬ ಭಯ ನಮಗೆ. ವಾರಕ್ಕೊಮ್ಮೆ ದೂರವಾಣಿಯಲ್ಲಿ ಪ್ರತಿ ಮನೆಗೂ ಮಾತನಾಡುತ್ತಿದ್ದೆವು. ಒಂದು ದಿನ ಆ ತಾಯಿ ನಗುತ್ತ ಹೇಳಿದಳು: ಕೆಲಸದ ಅವಸರದಲ್ಲಿ ತಾನು ಉಣಿಸಲು ಹೋದರೆ ಹುಡುಗ ಆಕೆಯ ಕೈಯನ್ನು ತಳ್ಳಿ, ಬಹಳ ಕಷ್ಟಪಟ್ಟು, ‘ನಾ’ ಎಂದನಂತೆ. ‘ನಾನು’ ಎಂಬ ಆ ಒಂದಕ್ಷರ! ಅಹಂಕಾರದ ಮಾತೆಂದು ನಾವೆಲ್ಲ ಬಿಡಲು ಹೆಣಗುವ ಆ ಮಾತನ್ನು ಪಡೆಯಲು ಒಂದು ಮಗು ಎಷ್ಟು ಹೆಣಗಿತ್ತು! ಬಿಡುವುದಕ್ಕಾದರೂ ಮೊದಲು ಅದು ನಮ್ಮದಾಗಿರಬೇಕಲ್ಲವೆ? ದೂರವಾಣಿ ಕೆಳಗಿಟ್ಟು ನಾನು ನನ್ನ ತಮ್ಮನನ್ನು ನೆನೆದೆ.

ಶಾಲೆಗಳು ತೆರೆದ ಮೇಲೆ ಆ ಹುಡುಗ ತನ್ನ ಓಣಿಯ ಸಾಮಾನ್ಯ ಶಾಲೆಗೆ ಸೇರಿದ. ಕಾಲುಗಳು ನೆಟ್ಟಗಾಗಲಿಲ್ಲ, ಮಾತು ಇನ್ನೂ ಹೊಸಬರಿಗೆ ತಿಳಿಯುವುದಿಲ್ಲ. ಪವಾಡವೇನೂ ಜರುಗಿಲ್ಲ. ತನ್ನ ಊಟವನ್ನು ತಾನು ಮಾಡುತ್ತಾನೆ, ತನ್ನ ಹೆಸರನ್ನು ತಾನೇ ಹೇಳುತ್ತಾನೆ. ದಾರಿಯಲ್ಲಿ ಕಂಡರೆ ನನಗಿಂತ ಮೊದಲು ಅವನೇ ಕೈ ಎತ್ತುತ್ತಾನೆ.

ಇನ್ನು ನಿಮ್ಮಲ್ಲಿ ಒಂದೆರಡು ವಿಜ್ಞಾಪನೆ. ಈ ಮಕ್ಕಳಿಗೆ ಶಿಕ್ಷಣವು ದಾನವಲ್ಲ. ಇವರನ್ನು ಸಾಮಾನ್ಯ ಶಾಲೆಗಳಲ್ಲಿ ಓದಿಸುವ ಯೋಜನೆಯನ್ನು ಕೇಂದ್ರ ಸರಕಾರ 1974ರಲ್ಲಿಯೇ ಆರಂಭಿಸಿತ್ತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ಮಗುವಿಗೆ 6ರಿಂದ 18 ವರ್ಷದವರೆಗೆ, ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ, ಉಚಿತ ಶಿಕ್ಷಣದ ಹಕ್ಕನ್ನು 2016ರ ಕಾನೂನು ಕೊಟ್ಟಿದೆ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಮುಂದಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಹೇಳಿತು. ಹಕ್ಕು ಕಾಗದದ ಮೇಲಿದೆ. ಅದು ಹಿತ್ತಲ ಕೋಣೆಯವರೆಗೆ ತಲುಪಬೇಕಾದರೆ ಯಾರಾದರೂ ಒಯ್ದು ಮುಟ್ಟಿಸಬೇಕು. ಕಾಗದ ಮುಟ್ಟಿಸುವ ಕೆಲಸ ಎಂಥದೆಂಬುದನ್ನು ನಾನು ಬಲ್ಲೆ.

ನಿಮ್ಮ ಊರಿನಲ್ಲಿ, ನಿಮ್ಮ ಬಳಗದಲ್ಲಿ ಇಂಥ ಮಗುವಿದ್ದರೆ ಒಮ್ಮೆ ಆ ಮನೆಗೆ ಹೋಗಿರಿ. ತಾಯಿಯನ್ನು ದೂರುವವರ ಬಾಯಿ ಮುಚ್ಚಿಸಿರಿ. ವೈಕಲ್ಯದ ಪ್ರಮಾಣಪತ್ರ ಮಾಡಿಸಲು, ಶಾಲೆಗೆ ಹೆಸರು ಹಚ್ಚಲು ಜೊತೆಗೆ ನಡೆಯಿರಿ. ಮಗುವಿನ ಎದುರಿಗೆ ಅದರ ಬಗೆಗೆ ಅದು ಇಲ್ಲವೆಂಬಂತೆ ಮಾತನಾಡಬೇಡಿರಿ. ಹೆಸರನ್ನು ಅದನ್ನೇ ಕೇಳಿರಿ, ಉತ್ತರಕ್ಕಾಗಿ ತಡೆಯಿರಿ. ನಿವೃತ್ತರಾದವರು ದಿನಕ್ಕೆ ಎರಡು ಗಂಟೆಯನ್ನು ಇಂಥ ತರಗತಿಗೆ ಕೊಟ್ಟರೆ ಅಲ್ಲಿಯ ಶಿಕ್ಷಕಿಗೆ ಎಷ್ಟು ಆಸರೆಯಾದೀತು! ಹೋಗುವಾಗ ಮಾತ್ರ ನನ್ನ ತಪ್ಪನ್ನು ನೆನಪಿನಲ್ಲಿಡಿರಿ.

ನಮ್ಮ ಕನ್ನಡದಲ್ಲಿ ‘ಕಾಯುವುದು’ ಎಂಬ ಮಾತಿಗೆ ಎರಡು ಅರ್ಥ. ರಕ್ಷಿಸುವುದು ಒಂದು, ತಡೆದು ನಿರೀಕ್ಷಿಸುವುದು ಇನ್ನೊಂದು. ಮೊದಲನೆಯ ಅರ್ಥದಲ್ಲಿ ನಮ್ಮ ಅವ್ವ ನನ್ನ ತಮ್ಮನನ್ನು 24 ವರ್ಷ ಕಾಯ್ದಳು. ಎರಡನೆಯ ಅರ್ಥ ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಮಗುವನ್ನು ಕಾಯುವವನು ಮಗುವಿಗಾಗಿ ಕಾಯಲೂ ಬೇಕು. ಇಂದು ನಮ್ಮ ತರಗತಿಯಲ್ಲಿ ಹೊಸದಾಗಿ ಸೇರಿದ ಪುಟ್ಟ ಹುಡುಗಿಯೊಬ್ಬಳು ಚಮಚ ಹಿಡಿಯಲು ಕಲಿಯುತ್ತಿದ್ದಾಳೆ. ನಾನು ಎದುರಿಗೆ ಕೈಕಟ್ಟಿ ಕುಳಿತಿರುತ್ತೇನೆ. ನೋಡಿದವರು, ಈ ಮುದುಕ ಏನೂ ಮಾಡದೆ ಕುಳಿತಿದ್ದಾನೆಂದು ತಿಳಿದರೆ ತಿಳಿಯಲಿ. ನನ್ನ ಗಾಡಿ ಇನ್ನೂ ಅಣ್ಣಿಗೇರಿಯನ್ನು ದಾಟಿರುವುದಿಲ್ಲ.